ಅರವತ್ತು ದಾಟಿದ ಮಹಿಳೆಯರು ಭಾರ ಎತ್ತಬಾರದೇ?

‘ವಯಸ್ಸಾದ ಹೆಂಗಸರು ಭಾರ ಎತ್ತಿದರೆ ಮೂಳೆ ಮುರಿಯುತ್ತದೆ, ವಾಕಿಂಗ್ ಮಾಡಿದರೆ ಸಾಕು.’ ಇಂತಹ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದು ಕಾಳಜಿಯ ಮಾತೇ. ಆದರೆ ಎಷ್ಟು ನಿಜ?

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನ್ ಕಡಿಮೆಯಾಗಿ ಮಹಿಳೆಯರ ಮೂಳೆ ಬೇಗ ಸವೆಯುತ್ತದೆ. ವಯಸ್ಸಾದಂತೆ ಸ್ನಾಯುಗಳೂ ಸೊರಗುತ್ತವೆ. ಬಸ್ಸಿನ ಮೆಟ್ಟಿಲು ಹತ್ತುವುದು, ನೆಲದಿಂದ ಏಳುವುದು ಕಷ್ಟವಾಗುತ್ತದೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಸ್ನಾಯುಬಲ ಹೆಚ್ಚಿಸಲು ಅದೊಂದೇ ಸಾಲದು. 65 ದಾಟಿದವರು ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ.

ಮನೆಗೆಲಸ ಸಾಲದೇ?

ದಿನವೂ ಅದೇ ಬಿಂದಿಗೆ, ಅದೇ ಬಕೆಟ್ ಎತ್ತುತ್ತಿದ್ದರೆ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಸ್ನಾಯು ಬಲವಾಗಬೇಕಾದರೆ ಭಾರ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗಬೇಕು.

ಬಗೆ ಬೇರೆ, ಅನುಭವ ಬೇರೆ

• ದೇಹದ್ದೇ ಭಾರ: ಕೈಯೂರದೆ ಕುರ್ಚಿಯಿಂದ ಏಳುವುದು, ಗೋಡೆಯನ್ನು ತಳ್ಳುವುದು. ಖರ್ಚಿಲ್ಲ, ಸೀರೆಯಲ್ಲೂ ಮಾಡಬಹುದು. ಆದರೆ ಕೆಲವು ವಾರಗಳಲ್ಲಿ ಸುಲಭವೆನಿಸಬಹುದು.

• ರಬ್ಬರ್ ಬ್ಯಾಂಡ್: ಎಳೆದಷ್ಟೂ ಬಿಗಿಯಾಗುತ್ತದೆ. ಬಿದ್ದು ಪೆಟ್ಟಾಗುವ ಭಾರವಿಲ್ಲದ್ದರಿಂದ ಹೆದರಿಕೆ ಕಡಿಮೆ. ಎಷ್ಟು ಮುಂದುವರಿದೆವು ಎಂದು ಅಳೆಯುವುದು ಮಾತ್ರ ಕಷ್ಟ.

• ಜಿಮ್ ಯಂತ್ರ: ಬೆನ್ನಿಗೆ ಆಸರೆ ಇರುತ್ತದೆ, ಹೊಸಬರಿಗೆ ಧೈರ್ಯ ಬರುತ್ತದೆ. ಆದರೆ ಕುಳಿತು ಮಾಡುವುದರಿಂದ ದೇಹದ ಸಮತೋಲನಕ್ಕೆ ಅಷ್ಟು ಅಭ್ಯಾಸವಾಗುವುದಿಲ್ಲ.

• ಡಂಬೆಲ್, ಬಾರ್‌ಬೆಲ್: ಹಿಡಿತ, ಸಮತೋಲನ ಎರಡಕ್ಕೂ ಕೆಲಸ. ಸರಿಯಾದ ಭಂಗಿಯನ್ನು ಕಲಿಸುವವರು ಬೇಕು.

ಕಡಿಮೆ ಭಾರವೇ ಹಗುರ ಎನ್ನುವಂತಿಲ್ಲ. ಕಡಿಮೆ ಭಾರವನ್ನು ಸುಸ್ತಾಗುವವರೆಗೆ ಹಲವು ಬಾರಿ ಎತ್ತಿದರೂ ಸ್ನಾಯು ಬೆಳೆಯುತ್ತದೆ, ಆದರೆ ಉರಿ, ಏದುಸಿರು ಹೆಚ್ಚು. ಹೆಚ್ಚು ಭಾರವನ್ನು ಕೆಲವೇ ಬಾರಿ ಎತ್ತಿದರೆ ಬಲ ಹೆಚ್ಚು ಬರುತ್ತದೆ.

ಮೂಳೆ ಮುರಿಯುವುದಿಲ್ಲವೇ?

ಆಸ್ಟ್ರೇಲಿಯಾದ ‘ಲಿಫ್ಟ್‌ಮೋರ್’ ಅಧ್ಯಯನ ಇದನ್ನೇ ಪರೀಕ್ಷಿಸಿತು. 2018ರಲ್ಲಿ ಪ್ರಕಟವಾದ ಅದರಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರಿದ್ದರು. ಸರಾಸರಿ ವಯಸ್ಸು 65. ಒಂದು ಗುಂಪು 8 ತಿಂಗಳು, ವಾರಕ್ಕೆರಡು ಬಾರಿ, 30 ನಿಮಿಷ ತರಬೇತುದಾರರ ಎದುರು ಹೆಚ್ಚು ಭಾರ ಎತ್ತಿತು. ಇನ್ನೊಂದು ಗುಂಪು ಮನೆಯಲ್ಲೇ ಹಗುರ ವ್ಯಾಯಾಮ ಮಾಡಿತು. ಭಾರ ಎತ್ತಿದವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸರಾಸರಿ 2.9% ಏರಿದರೆ, ಉಳಿದವರದು 1.2% ಇಳಿಯಿತು. ತರಬೇತಿಯಲ್ಲಿ ಆದ ತೊಂದರೆ ಒಂದೇ: ಒಬ್ಬರಿಗೆ ಸಣ್ಣ ಬೆನ್ನು ಸೆಳೆತ.

ಹಾಗೆಂದು ಇಂದೇ ಮನೆಯಲ್ಲಿ ಅಕ್ಕಿಮೂಟೆ ಎತ್ತಲು ಹೋಗಬೇಡಿ. ಅವರು ಮೊದಲು ಕಡಿಮೆ ಭಾರದಲ್ಲಿ ಭಂಗಿ ಕಲಿತು, ನಂತರ ಏರಿಸಿದವರು.

ಶುರುಮಾಡುವ ಮುನ್ನ

ಹೃದ್ರೋಗ, ಹತೋಟಿಗೆ ಬಾರದ ಬಿಪಿ, ಇತ್ತೀಚೆಗೆ ಮೂಳೆ ಮುರಿತ ಅಥವಾ ಶಸ್ತ್ರಚಿಕಿತ್ಸೆ, ಗರ್ಭಕೋಶ ಜಾರಿರುವ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಲಿ. ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ. ಒಂದೆರಡು ದಿನ ಮೈಕೈ ನೋವು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ತಲೆಸುತ್ತು, ಎದೆನೋವು ಬಂದರೆ ಕೂಡಲೇ ನಿಲ್ಲಿಸಿ. ಎದೆನೋವಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ಮಾತು ಇಷ್ಟೇ: ಎಲ್ಲರಿಗೂ ಒಂದೇ ಬಗೆ ಹೊಂದುವುದಿಲ್ಲ. ಅಮ್ಮನಿಗೆ ಯಾವುದು ಹೆದರಿಕೆಯಿಲ್ಲದೆ ವಾರಕ್ಕೆರಡು ದಿನ ಮಾಡಲಾಗುತ್ತದೋ ಅದರಿಂದ ಆರಂಭಿಸಿ, ನಿಧಾನವಾಗಿ ಭಾರ ಏರಿಸಲಿ. ‘ನಿಮಗೇಕೆ ಈ ವಯಸ್ಸಿನಲ್ಲಿ’ ಎಂದು ಮಾತ್ರ ತಡೆಯಬೇಡಿ.