ಯಾವುದು ದರೋಡೆ?

ಕೊಲೆ, ಸುಲಿಗೆ, ವಂಚನೆಯ ಕಥೆಗಳಿಗೆ ನಮ್ಮಲ್ಲಿ ಎಂದೂ ಗಿರಾಕಿಗಳ ಬರವಿಲ್ಲ. ರಾಯಚೂರಿನ ಬಸ್ ನಿಲ್ದಾಣದಲ್ಲಿ ಮಾನ್ವಿಯ ಬಸ್ಸಿಗೆ ಕಾದವನು ಹಿಂದೆ ಪತ್ರಿಕೆಯಲ್ಲಿ ಅದನ್ನೇ ಓದುತ್ತಿದ್ದ, ಈಗ ಫೋನಿನಲ್ಲಿ ಅದನ್ನೇ ನೋಡುತ್ತಾನೆ. ಅವನನ್ನು ನಾವು ಹಳಿಯುವುದಿಲ್ಲ. ದುಡಿದು ದಣಿದವನಿಗೆ ಒಂದು ಗಳಿಗೆಯ ಕುತೂಹಲ ಬೇಕು. ನಮ್ಮ ತಕರಾರು ಕಥೆ ಆರಿಸುವವರ ಮೇಲೆ. ಬೀಗ ಮುರಿದವನ ಮುಖ ಕಾಣುತ್ತದೆ. ಕೀಲಿಕೈ ಇದ್ದವರ ಕೈಯಲ್ಲೇ ಖಜಾನೆ ಬರಿದಾದರೆ ಕಥೆಗಾರ ಆಕಳಿಸುತ್ತಾನೆ.

ಈ ಚಾಳಿ ಹಳೆಯದು. ನಿಜಾಮನ ನೌಕರಿಯಲ್ಲಿದ್ದ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ 1839ರಲ್ಲಿ ಒಬ್ಬ ಠಗ್ಗನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ವಿಲಾಯತಿಯಲ್ಲಿ ಹೆಸರು ಮಾಡಿದ. ಮುಂದೆ ಅದೇ ಮನುಷ್ಯ ದೇವದುರ್ಗದಿಂದ ಕೃಷ್ಣೆಯಾಚೆಗಿನ ಸುರಪುರಕ್ಕೆ, ಬೇಡ ನಾಯಕರ ಸಂಸ್ಥಾನಕ್ಕೆ, ಬಂದು ಆಡಳಿತ ನಡೆಸಿದ. 1858ರಲ್ಲಿ ದೊರೆ ವೆಂಕಟಪ್ಪ ನಾಯಕ ಸೆರೆಯಾಗಿ ಸತ್ತ. 1860ರಲ್ಲಿ ಇಂಗ್ಲಿಷರು ಆ ಸಂಸ್ಥಾನವನ್ನೇ ನಿಜಾಮನಿಗೆ ಬಹುಮಾನ ಕೊಟ್ಟರು. ಹಾದಿಯಲ್ಲಿ ಕತ್ತು ಬಿಗಿದವನು ಕಾದಂಬರಿಯಾದ. ನಾಡನ್ನೇ ಕೊಂಡೊಯ್ದದ್ದು ಮಾತ್ರ ‘ಒಡಂಬಡಿಕೆ’ ಎನಿಸಿತು!

ಅದೇ ನಾಯಕ ಜನಾಂಗ ಇಂದು ನಮ್ಮ ಹಳ್ಳಿಗಳಲ್ಲಿದೆ. ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮೀಣ, ಈ ನಾಲ್ಕೂ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಈ ಜನರ ಹೆಸರಿನಲ್ಲಿರುವುದೇ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮ. 2024ರ ಮೇ 26ರಂದು ಅದರ ಲೆಕ್ಕಪತ್ರ ನೋಡುತ್ತಿದ್ದ ನೌಕರನೊಬ್ಬ ಪತ್ರ ಬರೆದಿಟ್ಟು ಶಿವಮೊಗ್ಗದಲ್ಲಿ ಪ್ರಾಣ ಕಳೆದುಕೊಂಡ. ಆಗ ಹೊರಬಿತ್ತು: ನಿಗಮದ 187 ಕೋಟಿ ರೂಪಾಯಿ ಬೆಂಗಳೂರಿನ ಒಂದು ಬ್ಯಾಂಕಿನ ಖಾತೆಗೆ ಹೋಗಿತ್ತು, ಅದರಲ್ಲಿ 89 ಕೋಟಿಯಷ್ಟು ಹೈದರಾಬಾದಿನ ಯಾರಯಾರದೋ ಖಾತೆಗಳಿಗೆ ಹರಿದಿತ್ತು.

ಜೂನ್ 6ರಂದು ಮಂತ್ರಿ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ನಿಗಮದ ಅಂದಿನ ಅಧ್ಯಕ್ಷರು ನಮ್ಮ ರಾಯಚೂರು ಗ್ರಾಮೀಣದ ಶಾಸಕ ಬಸನಗೌಡ ದದ್ದಲ. ಜುಲೈಯಲ್ಲಿ ಇಬ್ಬರ ಮನೆಯನ್ನೂ ಇ.ಡಿ. ಶೋಧಿಸಿತು, ಮಂತ್ರಿಯನ್ನು ಬಂಧಿಸಿತು. ರಾಜ್ಯದ ತನಿಖಾ ತಂಡ ಆಗಸ್ಟಿನಲ್ಲಿ ಕೊಟ್ಟ ದೋಷಾರೋಪ ಪಟ್ಟಿಯಲ್ಲಿ ಈ ಇಬ್ಬರ ಹೆಸರೂ ಇಲ್ಲ, ಸೆಪ್ಟೆಂಬರಿನಲ್ಲಿ ಇ.ಡಿ. ಕೊಟ್ಟದ್ದರಲ್ಲಿ ನಾಗೇಂದ್ರರೇ ಪ್ರಮುಖ ಆರೋಪಿ, ಹಣ ಬಳ್ಳಾರಿಯ ಲೋಕಸಭಾ ಚುನಾವಣೆಗೂ ಹೋಯಿತೆಂದು ಆರೋಪ. ಅವರು ಅಲ್ಲಗಳೆದಿದ್ದಾರೆ. ಅಪರಾಧಿ ಯಾರೆಂದು ನ್ಯಾಯಾಲಯ ಹೇಳಲಿ, ಆ ಕುರ್ಚಿ ನಮ್ಮದಲ್ಲ. ಆದರೆ ಒಂದೇ ಹಣದ ಬಗ್ಗೆ ಬೆಂಗಳೂರಿನ ಪಟ್ಟಿ ಒಂದು, ದಿಲ್ಲಿಯ ಪಟ್ಟಿ ಇನ್ನೊಂದು ಎಂದರೆ ಬಡವ ಯಾವುದನ್ನು ನಂಬಬೇಕು? ದಿಲ್ಲಿಯವರಿಗೆ ತಮ್ಮ ಪಕ್ಷದ ಅಂಗಳ ಕಾಣದು, ಬೆಂಗಳೂರಿನವರಿಗೆ ತಮ್ಮದು.

ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಧಾನಸಭೆಯಲ್ಲಿ, ಹೋಗಿದ್ದು 187 ಕೋಟಿ ಅಲ್ಲ, 89.63 ಕೋಟಿ ಎಂದು ತಿದ್ದಿದರು. ಸರಿ, ತಿದ್ದಿಕೊಳ್ಳುತ್ತೇವೆ! ಸೊಸೈಟಿಯ ಸಾಲದಲ್ಲಿ ಅರ್ಧ ಮಾತ್ರ ಬಾಕಿ ಎಂದು ಮಾನ್ವಿಯ ರೈತ ಎದೆಯೆತ್ತಿ ಹೇಳಬಹುದೇ?

‘ಆರೋಪ ಹೊತ್ತವರು ನಿಮ್ಮ ಜನಾಂಗದವರೇ, ಸುಮ್ಮನಿರಿ’ ಎಂದು ಉಪದೇಶಿಸುವವರೂ ಇದ್ದಾರೆ. ಜನಾಂಗ ಒಂದೇ ಇರಬಹುದು. ಅವರು ಕಾರಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಇವರು ಗುಳೆ ಹೋಗುತ್ತಾರೆ.

ದೇವದುರ್ಗದ ಹಳ್ಳಿಕಟ್ಟೆಗಳಲ್ಲಿ ಕುಳಿತು ಗಂಗಾ ಕಲ್ಯಾಣದ ಬೋರಿಗೆ ನಾವು ಅರ್ಜಿ ಬರೆದುಕೊಟ್ಟಿದ್ದೇವೆ. ಪಹಣಿ ಬೇಕು, ಜಾತಿಯ ಪತ್ರ ಬೇಕು, ಆದಾಯದ ಪತ್ರ ಬೇಕು, ಸಣ್ಣ ರೈತನೆಂಬ ಪತ್ರ ಬೇಕು. ಒಂದು ಕೊಳವೆ ಬಾವಿಗೆ ಇಷ್ಟು ಕಾಗದ. ಕೋಟಿಗಟ್ಟಲೆ ಹಣ ಗಡಿ ದಾಟುವಾಗ ಎಷ್ಟು ಕಾಗದ ಕೇಳಿದರು? ಐದು ಮಂದಿ ಕೂಡಿ ಸುಲಿದರೆ ಕಾನೂನು ಅದನ್ನು ಡಕಾಯಿತಿ ಎನ್ನುತ್ತದೆ. ಇದಕ್ಕೆ ಇಟ್ಟ ಹೆಸರು ‘ಅಕ್ರಮ ವರ್ಗಾವಣೆ’.

2023-24ರಲ್ಲಿ ದೇವದುರ್ಗ, ಮಾನ್ವಿಗಳಿಗೆ ಎಷ್ಟು ಬೋರು ಮಂಜೂರಾಗಿದ್ದವು, ಎಷ್ಟು ಕೊರೆದರು, ಯಾರ ಹೊಲದಲ್ಲಿ? ಪ್ರತಿ ಪಂಚಾಯತಿಯ ಗೋಡೆಗೂ ಪಟ್ಟಿ ಹಚ್ಚಲಿ. ಓದುಬಾರದವರಿಗೆ ನಾವೇ ನಿಂತು ಓದಿ ಹೇಳುತ್ತೇವೆ. ಅದು ನಮ್ಮ ಹಳೆಯ ಕಸುಬು.