ಹೊಂದದ ಅಳತೆಗಳಿಗೆ ನ್ಯಾಯ

ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಅಣ್ಣತಮ್ಮಂದಿರಿಬ್ಬರು ತಂದೆಯ ಜಾಗವನ್ನು ಪಾಲು ಮಾಡಿಕೊಳ್ಳುತ್ತಿದ್ದಾರೆಂದು ಇಟ್ಟುಕೊಳ್ಳಿ. ರಸ್ತೆಯ ಬದಿಗೆ ಒಂದೇ ಸಾಲಿನಲ್ಲಿ ಮೂರು ಗಡಿಕಲ್ಲುಗಳು. ಮೊದಲ ಕಲ್ಲಿನಿಂದ ಎರಡನೆಯದಕ್ಕೆ ತಮ್ಮನ ಪಾಲು. ಅಳೆದರೆ 100 ಅಡಿ. ಅಲ್ಲಿಂದ ಮೂರನೆಯದಕ್ಕೆ ಅಣ್ಣನ ಪಾಲು. ಅಳೆದರೆ 200 ಅಡಿ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಅಳೆದಾಗ 300ರ ಬದಲು 303 ಅಡಿ! ಮುರಕಲ್ಲಿನ ನೆಲ ಏರುತಗ್ಗು. ಟೇಪು ಒಮ್ಮೆ ಬಿಗಿಯುತ್ತದೆ, ಒಮ್ಮೆ ಜೋಲುತ್ತದೆ. ಅಳೆದವರಲ್ಲಿ ಮೋಸವಿಲ್ಲ, ಆದರೂ ಮೂರು ಅಂಕಿಗಳು ಒಟ್ಟಿಗೆ ಬಾಳಲಾರವು. ನಾಳೆ ಕಲ್ಲು ಕಿತ್ತುಹೋದರೆ ಮಾತಾಡುವುದು ಪತ್ರದ ಅಂಕಿಯೇ. ಹಾಗಾದರೆ ಪತ್ರದಲ್ಲಿ ಏನೆಂದು ಬರೆಯಬೇಕು?

ಗಣಿತಜ್ಞನ ಕಣ್ಣಿಗೆ ಇಲ್ಲಿರುವುದು ಎರಡು ಅಜ್ಞಾತಗಳು, ಮೂರು ಸಮೀಕರಣಗಳು. ಮೂರನ್ನೂ ತೃಪ್ತಿಪಡಿಸುವ ಉತ್ತರವಿಲ್ಲ. ಒಂದನ್ನು ಕೈಬಿಟ್ಟರೆ ಲೆಕ್ಕ ಸರಿಹೋಗುತ್ತದೆ, ನಿಜ; ಆದರೆ ಯಾವುದನ್ನು? ಯಾವ ಸಾಕ್ಷಿಯನ್ನೂ ಹೊರದಬ್ಬದೆ, ಎಲ್ಲವನ್ನೂ ಸ್ವಲ್ಪಸ್ವಲ್ಪ ಸರಿಸುವ ಉಪಾಯವೇ ಕನಿಷ್ಠ ವರ್ಗಗಳ ವಿಧಾನ. ಪ್ರತಿ ಅಳತೆಗೂ ಉತ್ತರಕ್ಕೂ ಇರುವ ವ್ಯತ್ಯಾಸವನ್ನು ವರ್ಗಮಾಡಿ ಕೂಡಿದಾಗ ಮೊತ್ತ ಅತ್ಯಂತ ಕಡಿಮೆಯಾಗಬೇಕು. ಮೂರು ಅಳತೆಗಳಿಗೂ ಸಮಾನ ಬೆಲೆ ಕೊಟ್ಟರೆ ಉತ್ತರ 101 ಮತ್ತು 201, ಒಟ್ಟು 302. ತಪ್ಪು ತಲೆಗೊಂದು ಅಡಿ. ವರ್ಗಗಳ ಮೊತ್ತ 3. ತಪ್ಪನ್ನೆಲ್ಲ ಒಂದೇ ಅಳತೆಯ ಮೇಲೆ ಹೊರಿಸಿದ್ದರೆ ಮೊತ್ತ 9 ಆಗುತ್ತಿತ್ತು. ವರ್ಗವೇ ಏಕೆ? ಹೆಚ್ಚು ಕಡಿಮೆಗಳು ಪರಸ್ಪರ ಹೊಡೆದುಹೋಗಬಾರದು. ದೊಡ್ಡ ತಪ್ಪಿಗೆ ದೊಡ್ಡ ದಂಡ ಬೀಳಬೇಕು.

ಈ ವಿಧಾನವನ್ನು 1805ರಲ್ಲಿ ಮೊದಲು ಅಚ್ಚುಹಾಕಿಸಿದವನು ಫ್ರಾನ್ಸಿನ ಲೆಜಾಂಡ್ರ್. 1809ರಲ್ಲಿ ಜರ್ಮನಿಯ ಗೌಸ್, ತಾನಿದನ್ನು 1795ರಿಂದಲೇ ಬಳಸುತ್ತಿದ್ದೆನೆಂದು ಬರೆದ. ತಪ್ಪನ್ನು ಹಂಚುವ ವಿದ್ಯೆಯ ಕೀರ್ತಿಯನ್ನು ಹಂಚಿಕೊಳ್ಳುವುದು ಮಾತ್ರ ಸುಲಭವಾಗಲಿಲ್ಲ!

ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ದಕ್ಷಿಣ ಭಾರತವನ್ನು ತ್ರಿಕೋನಗಳಿಂದ ಅಳೆಯುತ್ತಿದ್ದ. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದ. 1804ರಲ್ಲಿ ಬೆಂಗಳೂರಿನ ಬಳಿ ಸುಮಾರು 7 ಮೈಲಿ ಉದ್ದದ ಮತ್ತೊಂದು ರೇಖೆಯನ್ನು ನೆಲದ ಮೇಲೆ ನೇರವಾಗಿ ಅಳೆಸಿದಾಗ, ಮದರಾಸಿನಿಂದ ಲೆಕ್ಕದ ಮೂಲಕ ಬಂದ ಉದ್ದಕ್ಕೂ ಅದಕ್ಕೂ 3.7 ಅಂಗುಲದ ಅಂತರ ಕಂಡಿತು. ಅಷ್ಟು ಜಾಗರೂಕತೆಯಿದ್ದೂ ಅಂತರ ಸೊನ್ನೆಯಾಗಲಿಲ್ಲ. ತ್ರಿಕೋನಗಳು ಮಂಗಳೂರಿನ ಕಡಲನ್ನು ಮುಟ್ಟಿದಾಗ, ಸುಮಾರು 400 ಮೈಲಿಯೆಂದು ನಂಬಿದ್ದ ಪರ್ಯಾಯದ್ವೀಪದ ಅಗಲ 360ಕ್ಕೆ ಇಳಿಯಿತು. ಮುಂದೆ ಅದೇ ಶತಮಾನದ ಉತ್ತರಾರ್ಧದಲ್ಲಿ, ಜೇಮ್ಸ್ ವಾಕರ್ ಮೇಲ್ವಿಚಾರಣೆಯಲ್ಲಿ, ದೇಶದ ತ್ರಿಕೋನಜಾಲದ ತಪ್ಪುಗಳನ್ನು ಕನಿಷ್ಠ ವರ್ಗಗಳಿಂದಲೇ ಹಂಚಲಾಯಿತು. ಗಣಕಯಂತ್ರವಿಲ್ಲದ ಕಾಲ, ಲೆಕ್ಕವೆಲ್ಲ ಮನುಷ್ಯರ ಕೈಯದು.

ಈಗ ಅಂಥ ಸಾವಿರ ಸಮೀಕರಣಗಳನ್ನು ಯಂತ್ರ ಕ್ಷಣಾರ್ಧದಲ್ಲಿ ಬಿಡಿಸುತ್ತದೆ. ಆದರೆ ಈ ವಿಧಾನಕ್ಕೊಂದು ದೌರ್ಬಲ್ಯವುಂಟು. ಬರೆದುಕೊಂಡವನು ಕಣ್ತಪ್ಪಿ 200ನ್ನು 300 ಎಂದು ಗೀಚಿದರೆ ಅದನ್ನೂ ಪ್ರಾಮಾಣಿಕ ಸಾಕ್ಷಿಯೆಂದೇ ನಂಬಿ, ಸರಿಯಾದ ಅಳತೆಗಳ ತಲೆಗೂ ದೋಷವನ್ನು ಕಟ್ಟುತ್ತದೆ. ಸಣ್ಣ ತಪ್ಪುಗಳನ್ನು ಹಂಚುವುದು ಗಣಿತದ ಕೆಲಸ. ದೊಡ್ಡ ಪ್ರಮಾದವನ್ನು ಗುರುತಿಸಿ, ಮತ್ತೊಮ್ಮೆ ಬಿಸಿಲಿಗೆ ಹೋಗಿ ಅಳೆಯುವುದು ಮನುಷ್ಯನ ಕೆಲಸ.