ಹಳೆಯ ವ್ಯಾನು: ಡೀಸೆಲೋ, ಪೆಟ್ರೋಲೋ?

ಹೊಟೇಲು ಮುಚ್ಚಿ ಕೆಲಸ ಕಳೆದುಕೊಂಡ ನಮ್ಮ ಬಂಧುಗಳಲ್ಲಿ ಅನೇಕರು ಇತ್ತೀಚೆಗೆ ಇಬ್ಬರು ಮೂವರು ಕೂಡಿ ಸ್ವಂತ ದಂಧೆಗೆ ಕೈಹಾಕುತ್ತಿರುವುದು ಸಂತೋಷದ ಸಂಗತಿ. ಕೆಲವರು ಇಡ್ಲಿ-ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಡುತ್ತಾರೆ; ಕೆಲವರು ಆಫೀಸುಗಳಿಗೆ ಊಟ ಮುಟ್ಟಿಸುತ್ತಾರೆ. ಎಲ್ಲರಿಗೂ ಮೊದಲು ಬೇಕಾಗುವುದು ಒಂದು ವ್ಯಾನು. ಹೊಸದಕ್ಕೆ ದುಡ್ಡು ಸಾಲದು, ಆದುದರಿಂದ ಹಳೆಯದು. ಹಳೆಯದೆಂದ ಕೂಡಲೆ ಡೀಸೆಲೋ ಪೆಟ್ರೋಲೋ ಎಂಬ ಪ್ರಶ್ನೆ. ಸಂಘದ ಆಫೀಸಿಗೆ ಬಂದು ಯಾರಾದರೂ ಇದನ್ನು ಕೇಳದ ವಾರವಿಲ್ಲ.

ಸಂಪಾದಕೀಯಕ್ಕೆ ಇದು ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಇಪ್ಪತ್ತು ವರುಷ ತಟ್ಟೆ ಎತ್ತಿದವನ ಪ್ರಾವಿಡೆಂಟ್ ಫಂಡೂ ಗ್ರಾಚುಯಿಟಿಯೂ ಒಂದೇ ದಿನದಲ್ಲಿ ಗಾಡಿ ದಲಾಲಿಯ ಕೈಗೆ ಹೋಗುವ ಮಾತು ಇದು. ಇದಕ್ಕಿಂತ ತಕ್ಕ ವಿಷಯ ನಮಗಂತೂ ಕಾಣುವುದಿಲ್ಲ.

ನಮ್ಮವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಡೀಸೆಲು ಸಸ್ತಾ, ಎವರೇಜು ಜಾಸ್ತಿ, ದಂಧೆಗೆ ಡೀಸೆಲೇ ಸರಿ. ಈ ನಂಬಿಕೆ ಸುಳ್ಳಲ್ಲ, ಹಳೆಯದು. ಸರಕಾರವು ಪೆಟ್ರೋಲಿನ ದರವನ್ನು 2010ರಲ್ಲಿಯೇ ಮಾರುಕಟ್ಟೆಗೆ ಬಿಟ್ಟಿತು. ಡೀಸೆಲನ್ನು ಬಿಟ್ಟದ್ದು 2014ರ ಅಕ್ಟೋಬರಿನಲ್ಲಿ. ನಡುವಿನ ಆ ವರುಷಗಳಲ್ಲಿ ಲೀಟರಿಗೆ ಇಪ್ಪತ್ತು ರೂಪಾಯಿಗೂ ಮಿಕ್ಕಿ ಅಂತರವಿತ್ತು. ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಬೆಲೆಗೆ ಡೀಸೆಲು ಸಿಗುತ್ತಿದ್ದ ಕಾಲ ಅದು. 2024ರ ಜುಲೈಯಲ್ಲಿ ಮುಂಬಯಿಯಲ್ಲಿ ಪೆಟ್ರೋಲು ಸುಮಾರು 103 ರೂಪಾಯಿ, ಡೀಸೆಲು ಸುಮಾರು 90. ಕಾಲ ಬದಲಾದರೂ ಮಾತು ಬದಲಾಗಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಸಾಯನಿನಿಂದ ಹಿಟ್ಟು ತುಂಬಿ ಚೆಂಬೂರು, ಘಾಟ್ಕೋಪರು, ಮುಲುಂದ ಎಂದು ಅಂಗಡಿ ಅಂಗಡಿಗೆ ನಿಂತು ಹಿಂದಿರುಗುವ ವ್ಯಾನು ದಿನಕ್ಕೆ 40 ಕಿಲೋಮೀಟರು ಓಡಿತೆಂದು ಹಿಡಿಯೋಣ. ತಿಂಗಳಿಗೆ 26 ದಿನಕ್ಕೆ 1,040 ಕಿಲೋಮೀಟರು. ಲೀಟರಿಗೆ 13 ಕಿಲೋಮೀಟರಿನಂತೆ ಪೆಟ್ರೋಲು ವ್ಯಾನಿಗೆ 80 ಲೀಟರು, ಅಂದರೆ 8,240 ರೂಪಾಯಿ. ಡೀಸೆಲಿಗೆ 17ರಂತೆ 61 ಲೀಟರು, ಸುಮಾರು 5,500 ರೂಪಾಯಿ. ತಿಂಗಳಿಗೆ ಎರಡು ಮುಕ್ಕಾಲು ಸಾವಿರ ಉಳಿಯಿತಲ್ಲ ಎನ್ನುತ್ತೀರಿ. ಉಳಿಯಿತು ನಿಜ, ಗಾಡಿ ಕೆಡದಿದ್ದರೆ.

ಹಳೆಯ ಗಾಡಿ ಕೆಡುತ್ತದೆ. ಪೆಟ್ರೋಲು ಇಂಜಿನಿನಲ್ಲಿ ಪ್ಲಗ್ಗಿನ ಕಿಡಿ ಬೆಂಕಿ ಹೊತ್ತಿಸುತ್ತದೆ. ಡೀಸೆಲಿನಲ್ಲಿ ಆ ಕಿಡಿ ಇಲ್ಲ. ಗಾಳಿಯನ್ನು ಹದಿನಾರು ಇಪ್ಪತ್ತು ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡ ತಾಳಲು ಇಂಜಿನು ಭಾರ, ಪಂಪು ಭಾರಿ, ಇಂಜೆಕ್ಟರು ನಾಜೂಕು. ಹೊಸ ನಮೂನೆಯ ಡೀಸೆಲಿನಲ್ಲಿ ಈ ಪಂಪು, ಇಂಜೆಕ್ಟರು, ಟರ್ಬೋಗಳಲ್ಲಿ ಒಂದಕ್ಕೆ ರೋಗ ಬಂದರೂ ವರುಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗಬಹುದು. ಪೆಟ್ರೋಲು ವ್ಯಾನಿನ ಪ್ಲಗ್ಗು ಗಲ್ಲಿಯ ಮಿಸ್ತ್ರಿ ಬದಲಿಸುತ್ತಾನೆ.

ಇನ್ನೊಂದು ಮಾತು ನಮ್ಮವರಿಗೆ ಬೇಗ ತಿಳಿಯುತ್ತದೆ. ಡೀಸೆಲು ಇಂಜಿನು ಹೊಟೇಲಿನ ದೊಡ್ಡ ಒಲೆಯಂತೆ. ಬೆಳಗಿನಿಂದ ರಾತ್ರಿಯವರೆಗೆ ಉರಿದರೆ ಲಾಭ. ಒಂದು ಕಪ್ಪು ಚಹಕ್ಕೆ ಹೊತ್ತಿಸಿ ಆರಿಸಿದರೆ ನಷ್ಟ. 2020ರ ಏಪ್ರಿಲಿನಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಅನೇಕ ಡೀಸೆಲು ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಬಿಸಿಯಾಗಿ ಓಡಬೇಕು. ಅಂಗಡಿಗೊಮ್ಮೆ ನಿಲ್ಲುವ ಗಾಡಿಯಲ್ಲಿ ಜಾಲರಿ ಕಟ್ಟಿಕೊಳ್ಳುತ್ತದೆ, ದೀಪ ಹತ್ತುತ್ತದೆ, ಗ್ಯಾರೇಜಿನವನಿಗೆ ಹಬ್ಬ.

ಹಾಗಾದರೆ 8,240 ರೂಪಾಯಿ ಸುರಿಯಬೇಕೇ? ಬೇಡ. ಪೆಟ್ರೋಲು ಇಂಜಿನಿಗೆ ಗ್ಯಾಸು ಹಾಕಬಹುದು, ಇದೇ ಅದರ ದೊಡ್ಡ ಗುಣ. ಅದೇ 2024ರ ಜುಲೈಯಲ್ಲಿ ಮುಂಬಯಿಯಲ್ಲಿ ಸಿ.ಎನ್.ಜಿ. ಕಿಲೋಗೆ 75 ರೂಪಾಯಿ. ಕಿಲೋಗೆ 18 ಕಿಲೋಮೀಟರಿನಂತೆ ತಿಂಗಳಿಗೆ 58 ಕಿಲೋ, 4,350 ರೂಪಾಯಿ. ಡೀಸೆಲಿಗಿಂತಲೂ ಕಡಿಮೆ! ತೊಂದರೆಗಳೂ ಉಂಟು. ಸಿಲಿಂಡರು ಸಾಮಾನಿನ ಜಾಗ ತಿನ್ನುತ್ತದೆ, ಏರಿನಲ್ಲಿ ಎಳೆತ ಕಡಿಮೆ, ಪಂಪಿನಲ್ಲಿ ಸಾಲು ಉದ್ದ. ಹಿಟ್ಟು ಹಿಂದೆ ಇಟ್ಟುಕೊಂಡು ಆ ಸಾಲಿನಲ್ಲಿ ನಿಂತರೆ ಅಂಗಡಿ ಸೇರುವಾಗ ಹುಳಿ ಬಂದಿರುತ್ತದೆ. ಗ್ಯಾಸು ತುಂಬುವುದು ಸುತ್ತು ಮುಗಿದ ಮೇಲೆಯೇ ಆಗಬೇಕು.

ಕಾನೂನಿನ ದಿಕ್ಕನ್ನೂ ನೋಡತಕ್ಕದ್ದು. ದಿಲ್ಲಿಯಲ್ಲಿ ಹಸಿರು ನ್ಯಾಯಮಂಡಳಿ 2015ರಲ್ಲಿ ಡೀಸೆಲಿಗೆ 10 ವರುಷ, ಪೆಟ್ರೋಲಿಗೆ 15 ವರುಷ ಎಂದು ಗಡುವು ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಜಾರಿಗೆ ತರಲು ಹೇಳಿತು. ಮುಂದೆ ಆ ನಿಯಮದ ಮೇಲೆ ಎಳೆದಾಟ ನಡೆಯಿತು, ಆದರೆ ಯಾವುದರ ಮೇಲೆ ಮೊದಲು ಕಣ್ಣು ಬಿತ್ತು ನೋಡಿ. 2025ರ ಜನವರಿಯಲ್ಲಿ ಬೊಂಬಾಯಿ ಹೈಕೋರ್ಟು ನಮ್ಮ ನಗರದ ವಾಹನಗಳ ಹೊಗೆಯ ಮಾತೆತ್ತಿದಾಗ ರಾಜ್ಯ ಸರಕಾರ ಸಮಿತಿ ನೇಮಿಸಿತು. ಡೀಸೆಲು, ಪೆಟ್ರೋಲು ಎರಡನ್ನೂ ಬಿಡಿಸಿ ಗ್ಯಾಸು, ವಿದ್ಯುತ್ತಿನ ಗಾಡಿಗಳನ್ನಷ್ಟೇ ಉಳಿಸಬಹುದೇ ಎಂಬುದೇ ಅಲ್ಲಿಯ ಪ್ರಶ್ನೆ. ಬಡವನ ಎಂಟು ವರುಷದ ಡೀಸೆಲು ವ್ಯಾನನ್ನು ಆ ಮೇಲೆ ಕೊಳ್ಳುವವರು ಯಾರು?

ಡೀಸೆಲು ಯಾರಿಗೂ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ವಾಶಿ ಮಾರ್ಕೆಟಿನಿಂದ ದಿನಾ ಅಕ್ಕಿ, ಈರುಳ್ಳಿ ಮೂಟೆ ಹೇರುವವರಿಗೆ, ಘಾಟಿ ಹತ್ತಿ ಪುಣೆಗೆ ಹೋಗುವವರಿಗೆ, ದಿನಕ್ಕೆ ನೂರು ಕಿಲೋಮೀಟರು ದಾಟುವವರಿಗೆ ಅದೇ ಸರಿ. 2005ರಲ್ಲಿ ಬಂದ ಟಾಟಾ ಏಸು, ಜನ ಕರೆಯುವ ಛೋಟಾ ಹಾಥಿ, ಎರಡೇ ಸಿಲಿಂಡರಿನ 702 ಸಿ.ಸಿ. ಡೀಸೆಲಿನಿಂದ ಎಷ್ಟು ಸಂಸಾರಗಳನ್ನು ಎಳೆದಿಲ್ಲ! ಹಿಟ್ಟು, ಊಟದ ಸುತ್ತಿಗೆ ಮಾತ್ರ ಪೆಟ್ರೋಲು-ಗ್ಯಾಸಿನ ವ್ಯಾನೇ ಆಗಬೇಕೆಂದು ನಾವು ಹೇಳುತ್ತೇವೆ.

ಯಾವುದೇ ಆಗಲಿ, ತಣ್ಣಗಿನ ಇಂಜಿನನ್ನು ನೋಡದೆ ಕೊಳ್ಳಬಾರದು. ನಮ್ಮ ಸದಸ್ಯರೊಬ್ಬರು ಹೋದಾಗ ದಲಾಲಿ ಮೊದಲೇ ಗಾಡಿ ಬಿಸಿಮಾಡಿ ಇಟ್ಟಿದ್ದ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ ಅವರು ಹಿಂದೆ ಬಂದರು, ಹಣ ಉಳಿಯಿತು. ನೀಲಿ ಹೊಗೆ ಬಂದರೆ ಇಂಜಿನು ಆಯಿಲು ಕುಡಿಯುತ್ತಿದೆ. ಇಂಜಿನು ಓಡುತ್ತಿರುವಾಗ ಆಯಿಲು ಮುಚ್ಚಳ ತೆಗೆದರೆ ಹೊಗೆ ನುಗ್ಗುವುದಾದರೆ ರಿಂಗು ಸವೆದಿದೆ. ಪೆಟ್ರೋಲು ವ್ಯಾನಿನ ರಬ್ಬರು ಪೈಪುಗಳನ್ನೂ ನೋಡಿರಿ. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲು ಬೆರೆತಿರುತ್ತದೆ, ಹಳೆಯ ಗಾಡಿಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಗ್ಯಾಸು ಕಿಟ್ಟು ಆರ್.ಸಿ.ಯಲ್ಲಿ ದಾಖಲಾಗಿರಬೇಕು, ಸಿಲಿಂಡರಿಗೆ ಮೂರು ವರುಷಕ್ಕೊಮ್ಮೆ ಪರೀಕ್ಷೆ ಆಗಿರಬೇಕು. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲವಿದ್ದರೆ ಅದು ತೀರಿದ ಪತ್ರ ಕೈಗೆ ಬರುವವರೆಗೆ ಒಂದು ಕಾಸೂ ಕೊಡಬೇಡಿರಿ. ಮೂವರು ಕೂಡಿ ಕೊಳ್ಳುವವರು, ಗಾಡಿ ಯಾರ ಹೆಸರಿನಲ್ಲಿದ್ದರೂ, ಯಾರ ಪಾಲು ಎಷ್ಟೆಂದು ಕಾಗದದ ಮೇಲೆ ಬರೆದು ಸಹಿ ಹಾಕಿರಿ. ಒಂದೇ ಖೋಲಿಯಲ್ಲಿ ಉಂಡು ಮಲಗಿದವರಾದರೂ ಸರಿಯೇ.

ಗಾಡಿ ನೋಡಲು ಹೋಗುವ ಸದಸ್ಯರು ಎರಡು ದಿನ ಮುಂಚೆ ಆಫೀಸಿಗೆ ತಿಳಿಸಿದರೆ ಇಂಜಿನು ಬಲ್ಲ ಸದಸ್ಯರೊಬ್ಬರು ಜತೆಗೆ ಬರುವ ಏರ್ಪಾಡು ಮಾಡಲಾಗುವುದು. ಹೊರಡುವುದು ಬೆಳಿಗ್ಗೆ ಆರು ಗಂಟೆಗೆ. ಮುಂಗಡದ ಹಣ ಆ ದಿನ ಕಿಸೆಯಲ್ಲಿ ಇರಕೂಡದು.